ಹೊಸ ಮೀನು ಯಾಕೆ ಊಟ ಬಿಟ್ಟಿತ್ತು?

ನಮ್ಮ ಶಾಲೆಯ ಗಾಜಿನ ತೊಟ್ಟಿಯಲ್ಲಿರುವ ನೀಲಿ ಮೀನನ್ನು ನೀವೆಲ್ಲ ನೋಡಿದ್ದೀರಿ. ಅದರ ಹೆಸರು ಫೈಟರ್ ಮೀನು. ಅದು ಬಂದ ಮೊದಲ ಐದು ದಿನ ಏನೂ ತಿನ್ನಲಿಲ್ಲ. ಯಾಕೆ ತಿನ್ನಲಿಲ್ಲ, ಆಮೇಲೆ ಹೇಗೆ ತಿಂದಿತು ಅಂತ ಬರೆಯಲು ವಿಜ್ಞಾನದ ಮೇಷ್ಟ್ರು ನನಗೆ ಹೇಳಿದರು. ಯಾಕೆಂದರೆ ತೊಟ್ಟಿಯ ಉಸ್ತುವಾರಿ ನನ್ನದು.

ಮೊದಲು ಒಂದು ವಿಷಯ ಹೇಳಿಬಿಡುತ್ತೇನೆ. ಜೂನ್ ತಿಂಗಳಲ್ಲಿ ಇದೇ ತೊಟ್ಟಿಯಲ್ಲಿದ್ದ ಎರಡು ಗೋಲ್ಡ್ ಫಿಷ್ ನಾಲ್ಕೇ ದಿನಕ್ಕೆ ಸತ್ತುಹೋದವು. ಎರಡನೇ ಕ್ಲಾಸಿನ ಮಕ್ಕಳು ಅತ್ತರು. ಮೀನಿಗೆ ರೋಗ ಇತ್ತು ಅಂತ ಎಲ್ಲರೂ ಅಂದರು, ನಾನೂ ಹಾಗೇ ಅಂದೆ. ಆದರೆ ಪಾಪ ಹಸಿದಿರುತ್ತವೆ ಅಂತ ಬಿಸಿಯೂಟದ ಅನ್ನವನ್ನು ದಿನಾ ಒಂದು ಹಿಡಿ ಹಾಕುತ್ತಿದ್ದವನು ನಾನು. ಅನ್ನ ತಳದಲ್ಲಿ ಕೊಳೆತು ನೀರು ಬೆಳ್ಳಗಾಗಿ ವಾಸನೆ ಬಂತು. ಕೊಳೆತ ಆಹಾರದಿಂದಲೂ ಮೀನು ಹೊರಹಾಕುವ ಕಸದಿಂದಲೂ ನೀರಿನಲ್ಲಿ ಅಮೋನಿಯಾ ಸೇರುತ್ತದೆ. ಅದು ಮೀನಿನ ಕಿವಿರುಗಳಿಗೆ ವಿಷ. ಹಳೆಯ ತೊಟ್ಟಿಯಲ್ಲಾದರೆ ಅಮೋನಿಯಾವನ್ನು ಬೇರೆ ವಸ್ತುವಾಗಿ ಬದಲಾಯಿಸುವ ಬ್ಯಾಕ್ಟೀರಿಯಾ ಬೆಳೆದಿರುತ್ತವೆ. ನಮ್ಮದು ಹೊಸ ತೊಟ್ಟಿ. ಬ್ಯಾಕ್ಟೀರಿಯಾ ಇನ್ನೂ ಸಾಕಷ್ಟು ಇರಲಿಲ್ಲ, ಅನ್ನ ಮಾತ್ರ ಬೇಕಾದಷ್ಟಿತ್ತು.

ಆಗಸ್ಟ್‌ನಲ್ಲಿ ಮೇಷ್ಟ್ರು ಮಂಡ್ಯಕ್ಕೆ ಹೋದಾಗ ಈ ಫೈಟರ್ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಬಸ್ಸಿನಲ್ಲಿ ಕುಲುಕಿಕೊಂಡು ಬಂದ ಮೀನು. "ಇದೂ ಸತ್ತರೆ ತೊಟ್ಟಿ ಸ್ಟೋರ್ ರೂಮಿಗೆ ಹೋಗುತ್ತೆ" ಅಂತ ಹೆಡ್‌ಮೇಷ್ಟ್ರು ಹೇಳಿದರು.

ಕವರನ್ನು ಬಿಚ್ಚದೆ ಇಪ್ಪತ್ತು ನಿಮಿಷ ತೊಟ್ಟಿಯ ನೀರಿನ ಮೇಲೆ ತೇಲಿಸಿದೆವು. ಎರಡೂ ನೀರಿನ ಶಾಖ ಒಂದಾಗಬೇಕು. ಆಮೇಲೆ ತೊಟ್ಟಿಯ ನೀರನ್ನು ಒಂದೊಂದೇ ಲೋಟ ಕವರಿಗೆ ಹಾಕಿ, ಕೊನೆಗೆ ಮೀನನ್ನು ಮಾತ್ರ ತೊಟ್ಟಿಗೆ ಬಿಟ್ಟೆವು. ಕವರಿನ ನೀರು ಗಿಡಕ್ಕೆ ಹೋಯಿತು. ಇಷ್ಟನ್ನು ಸರಿಯಾಗಿಯೇ ಮಾಡಿದೆವು. ತಪ್ಪು ಮಾಡಿದ್ದು ಅದಾದ ಮೇಲೆ. ಫೈಟರ್‌ಗೆ ಕನ್ನಡಿ ತೋರಿಸಿದರೆ ಇನ್ನೊಂದು ಮೀನು ಬಂತು ಅಂತ ರೆಕ್ಕೆ ಬಿಚ್ಚಿ ಜಗಳಕ್ಕೆ ಬರುತ್ತೆ ಅಂತ ನನ್ನ ಗೆಳೆಯ ಹೇಳಿದ. ಮೊದಲ ದಿನವೇ ನಾಲ್ಕೈದು ಸಲ ಕನ್ನಡಿ ಹಿಡಿದೆವು. ಎಲ್ಲರಿಗೂ ಖುಷಿ. ಮೀನಿಗೆ ಮಾತ್ರ ಅದು ಆಟ ಆಗಿರಲಿಲ್ಲ.

ಮಾರನೆ ದಿನ ಅದು ಮೂಲೆಯಲ್ಲಿ ತಳಕ್ಕೆ ಅಂಟಿಕೊಂಡಿತ್ತು. ರೆಕ್ಕೆಗಳು ಒದ್ದೆ ಬಟ್ಟೆ ಹಾಗೆ ಮುದುಡಿಕೊಂಡಿದ್ದವು. ನೀಲಿ ಬಣ್ಣ ಮಸುಕಾಗಿತ್ತು. ಅಂಗಡಿಯ ಕಾಳಿನಂಥ ಆಹಾರ ಎರಡು ಹಾಕಿದರೆ ತಿರುಗಿಯೂ ನೋಡಲಿಲ್ಲ. ಮೂರನೆ ದಿನ ನನಗೆ ತಡೆಯಲಾಗದೆ ಒಂದು ಚಿಟಿಕೆ ಹಾಕಲು ಹೋದೆ. ಮೇಷ್ಟ್ರು ಕೈ ಹಿಡಿದರು. "ಅದು ಹಟ ಮಾಡ್ತಿಲ್ಲ ಕಣೋ, ಹೆದರಿದೆ. ಹೆದರಿದಾಗ ನಿನಗೆ ಊಟ ಸೇರುತ್ತಾ?" ಅಂದರು. ಮೀನು ಶೀತರಕ್ತ ಪ್ರಾಣಿ. ಮೈ ಬೆಚ್ಚಗಿಡಲು ಅದು ನಮ್ಮ ಹಾಗೆ ಆಹಾರ ಖರ್ಚು ಮಾಡುವುದಿಲ್ಲ. ಅದಕ್ಕೇ ಆರೋಗ್ಯವಾದ ದೊಡ್ಡ ಮೀನು ಕೆಲವು ದಿನ ಉಪವಾಸವಿದ್ದರೂ ಸಾಯುವುದಿಲ್ಲವಂತೆ. ನನಗೆ ಆವತ್ತು ಅಷ್ಟು ನಂಬಿಕೆ ಬರಲಿಲ್ಲ.

ಈ ಮೀನಿನ ಊರು ಥಾಯ್ಲೆಂಡ್ ಕಡೆ. ಅಲ್ಲಿ ಇದರ ಕಾಡುಜಾತಿ ಭತ್ತದ ಗದ್ದೆ, ಜೌಗುಗಳ ಆಳವಿಲ್ಲದ ನಿಂತ ನೀರಿನಲ್ಲಿ ಗಿಡಗಳ ಮರೆಯಲ್ಲಿ ಬದುಕುತ್ತದೆ. 2019ರಲ್ಲಿ ಥಾಯ್ಲೆಂಡ್ ಇದನ್ನು ರಾಷ್ಟ್ರೀಯ ಜಲಚರ ಎಂದು ಘೋಷಿಸಿತು. (ನಮ್ಮೂರ ಗದ್ದೆಯಲ್ಲಿ ಸಿಗಲ್ಲ, ಹುಡುಕಬೇಡಿ.) ಇದಕ್ಕೆ ಕಿವಿರಿನ ಜೊತೆಗೆ ತಲೆಯಲ್ಲಿ ಗಾಳಿ ಉಸಿರಾಡುವ ಇನ್ನೊಂದು ಅಂಗವೂ ಇದೆ. ಅದಕ್ಕೇ ಆಗಾಗ ಮೇಲೆ ಬಂದು ಬಾಯಲ್ಲಿ ಗಾಳಿ ತೆಗೆದುಕೊಳ್ಳುತ್ತದೆ. ಅಂಥ ಮೀನನ್ನು ತಂದು ನಾವು ಎಲ್ಲಿಟ್ಟಿದ್ದೆವು? ಬರೀ ಗಾಜು, ಬರೀ ನೀರು, ಒಂದು ಎಲೆಯೂ ಇಲ್ಲ. ಮೇಜು ಇದ್ದದ್ದು ಕಿಟಕಿಯ ಪಕ್ಕ, ಕಿಟಕಿಯ ಆಚೆಯೇ ಶಾಲೆಯ ಗಂಟೆ! ಮೀನಿನ ಎರಡೂ ಪಕ್ಕದಲ್ಲಿ ಪಾರ್ಶ್ವರೇಖೆ ಅಂತ ಇರುತ್ತದೆ, ಅದರಿಂದ ನೀರಿನ ಅಲುಗಾಟ ಗೊತ್ತಾಗುತ್ತದೆ. ಒಳಕಿವಿಯಿಂದ ಶಬ್ದವೂ ಕೇಳುತ್ತದೆ. ಗಂಟೆ ಹೊಡೆದಾಗಲೆಲ್ಲ, ನಾವು ಗಾಜು ಕುಟ್ಟಿದಾಗಲೆಲ್ಲ ಅದಕ್ಕೆ ಏನಾಗಿರಬೇಕು!

ನಾಲ್ಕನೆ ದಿನ ತೊಟ್ಟಿಯನ್ನು ಲೈಬ್ರರಿ ಬೀರುವಿನ ಪಕ್ಕದ ಮೂಲೆಗೆ ಸಾಗಿಸಿದೆವು. ಮೊದಲು ಅರ್ಧಕ್ಕಿಂತ ಹೆಚ್ಚು ನೀರನ್ನು ಶುದ್ಧ ಬಕೆಟ್ಟಿಗೆ ತೆಗೆದು, ಅದನ್ನೇ ವಾಪಸು ಹಾಕಿದೆವು. ಕಿಟಕಿಯ ಹತ್ತಿರ ಬೆಳಿಗ್ಗೆ ನೀರು 23 ಡಿಗ್ರಿ ಇತ್ತು. ಫೈಟರ್‌ಗೆ 25ರಿಂದ 28 ಡಿಗ್ರಿ ಹಿತ. ಮೂಲೆಯಲ್ಲಿ ತಣ್ಣನೆ ಗಾಳಿ ಬೀಸದ ಕಾರಣ 25ಕ್ಕೆ ಬಂತು. ಮೂರು ಕಡೆ ಗಾಜಿಗೆ ಹೊರಗಿನಿಂದ ಪುಸ್ತಕಕ್ಕೆ ಹಾಕುವ ಖಾಕಿ ಪೇಪರ್ ಅಂಟಿಸಿದೆವು. ದ್ಯುತಿಸಂಶ್ಲೇಷಣೆಯ ಪ್ರಯೋಗಕ್ಕೆ ಕೆರೆಯಿಂದ ತಂದಿದ್ದ ಹೈಡ್ರಿಲ್ಲ ಗಿಡವನ್ನು ಚೆನ್ನಾಗಿ ತೊಳೆದು ಹಾಕಿದೆವು. ನಮ್ಮಜ್ಜಿ ಕೊಟ್ಟ ತೆಂಗಿನ ಕರಟವನ್ನು ನಾರು ಹೆರೆದು, ಕುದಿಸಿ, ಬೋರಲು ಹಾಕಿ ಒಂದು ಬಾಗಿಲು ಮಾಡಿದೆ. ಮೈದಾನದ ಬಾದಾಮಿ ಮರದಿಂದ ಉದುರಿದ ಒಣ ಎಲೆ ಒಂದನ್ನೂ ತೊಳೆದು ಬಿಟ್ಟೆವು. ಅದರ ಟ್ಯಾನಿನ್‌ನಿಂದ ನೀರು ತೆಳು ಟೀ ಬಣ್ಣಕ್ಕೆ ತಿರುಗಿತು. ಅದು ಕೊಳಕಲ್ಲ, ಯಾರೂ ಬದಲಾಯಿಸಲು ಹೋಗಬೇಡಿ. ಗಾಳಿಯ ಮೋಟಾರನ್ನೂ ನಿಧಾನ ಮಾಡಿದೆವು. ಅಷ್ಟುದ್ದ ರೆಕ್ಕೆ ಹೊತ್ತು ಸುಳಿಯಲ್ಲಿ ಈಜುವುದು ಕಷ್ಟ.

ಮೀನು ಅರ್ಧ ಗಂಟೆಯೊಳಗೆ ಕರಟದ ಒಳಗೆ ಹೋಯಿತು. ಹೊರಗೆ ಬರಲೇ ಇಲ್ಲ. ನನಗೆ ಸಿಟ್ಟೇ ಬಂತು, ಇಷ್ಟೆಲ್ಲ ಮಾಡಿದ್ದು ಅಡಗಿಕೊಳ್ಳಲಿಕ್ಕಾ ಅಂತ. ಅಡಗಲು ಜಾಗ ಇದೆ ಅಂತ ಗೊತ್ತಾದ ಮೇಲೇ ಹೊರಗೆ ಬರುವ ಧೈರ್ಯ ಬರುವುದು ಅಂತ ಮೇಷ್ಟ್ರು ಅಂದರು. ಬೆಕ್ಕಿನ ಮರಿ ತಂದಾಗ ನಮ್ಮನೆಯಲ್ಲೂ ಹೀಗೇ ಆಗಿತ್ತು. ಎರಡು ದಿನ ಒಲೆ ಹಿಂದೆ ಕೂತಿತ್ತು.

ಆರನೆ ದಿನ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ನಮ್ಮ ಹಿತ್ತಿಲ ಡ್ರಮ್ಮಿನ ಮಳೆನೀರಿನಿಂದ ಮೂರು ಸೊಳ್ಳೆ ಮರಿ ಸೋಸಿ ತಂದು ಹಾಕಿದೆ. ಕಾಳು ಸುಮ್ಮನೆ ತೇಲುತ್ತದೆ, ಸೊಳ್ಳೆ ಮರಿ ಕೊಂಕಿ ಕೊಂಕಿ ಓಡಾಡುತ್ತದೆ. ಕಾಡಿನ ಫೈಟರ್ ತಿನ್ನುವುದೇ ಇಂಥ ಹುಳಗಳನ್ನು. ಉಸಿರು ಬಿಗಿಹಿಡಿದು ದೂರ ಕೂತೆ. ಕರಟದಿಂದ ಮೂತಿ ಬಂತು. ಆಮೇಲೆ ಕಣ್ಣು. ಒಂದು ಮರಿ ಹತ್ತಿರ ಬಂದದ್ದೇ ಟಕ್ಕಂತ ಹಿಡಿಯಿತು! ಎರಡನೆಯದೂ ಹೋಯಿತು. ಮೂರನೆಯದನ್ನು ಸ್ವಲ್ಪ ಹೊತ್ತು ಯೋಚನೆ ಮಾಡಿ ತಿಂದಿತು. ನಾನು ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ, ಬೀಗ ಹಾಕುತ್ತಿದ್ದವರು ವಾಪಸು ಬಂದು ನೋಡಿದರು.

ಒಂದು ವಾರದ ಮೇಲೆ ಸೊಳ್ಳೆ ಮರಿಯ ಜೊತೆ ಒಂದೊಂದು ಕಾಳು ಹಾಕುತ್ತ ಅಭ್ಯಾಸ ಮಾಡಿಸಿದೆ. ಈಗ ಬೆಳಿಗ್ಗೆ ಎರಡು, ಸಂಜೆ ಎರಡು ಕಾಳು. ಉಳಿದರೆ ತಕ್ಷಣ ತೆಗೆಯುತ್ತೇನೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಮಾತ್ರ ಬದಲು. ಪಂಚಾಯ್ತಿ ನಲ್ಲಿಯ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಅದರ ಕ್ಲೋರಿನ್ ಹಾರಿಹೋಗಲು ಬಕೆಟ್ಟಿನಲ್ಲಿ ಎರಡು ದಿನ ತೆರೆದಿಟ್ಟ ನೀರನ್ನೇ ಹಾಕಬೇಕು. ಬಕೆಟ್ಟಿನ ಮೇಲೆ "ಮೀನಿನ ನೀರು" ಅಂತ ಬರೆದಿದೆ, ದಯವಿಟ್ಟು ಕೈ ತೊಳೆಯಬೇಡಿ.

ಸೊಳ್ಳೆ ಮರಿ ತರುವವರು ಚರಂಡಿಯಿಂದ ತರಬೇಡಿ. ಔಷಧಿ ಹಾಕಿದ ತೊಟ್ಟಿಯಿಂದಲೂ ಬೇಡ. ಹತ್ತಕ್ಕಿಂತ ಹೆಚ್ಚು ಬೇಡ, ತಿನ್ನದೆ ಉಳಿದವು ಸೊಳ್ಳೆಯಾಗಿ ನಮ್ಮನ್ನೇ ಕಚ್ಚುತ್ತವೆ. ತಂದದ್ದನ್ನು ನನ್ನ ಕೈಗೆ ಕೊಡಿ, ನೀವೇ ತೊಟ್ಟಿಗೆ ಹಾಕಬೇಡಿ. ಅನ್ನ ಅಂತೂ ಯಾರೂ ಹಾಕಬೇಡಿ.