ಸಿಂದಗಿಯ ಮನೆಗೆ ಎರಡು ಕಂಬ

ಮುದ್ದೇಬಿಹಾಳ

ಚಿರಂಜೀವಿ ಸೌಭಾಗ್ಯವತಿ ಮೊಮ್ಮಗಳಿಗೆ ಮುತ್ಯಾ ಮಾಡುವ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಗಳನ್ನೆಲ್ಲ ನೋಡಿದೆ. ಮೊದಲ ಸಲ ಫೋನಿನಲ್ಲಿ, ಎರಡನೇ ಸಲ ನಿನ್ನ ಕಾಕಾನ ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿಸಿಕೊಂಡು. ನೆಲಕ್ಕೆ ಹತ್ತಿದ ಮಂಚ, ಕಾಗದ ಹಚ್ಚಿದ ಸರಿಸುವ ಬಾಗಿಲು, ಬಿದಿರಿನ ತಡಿಕೆ, ಬೂದಿ ಬಣ್ಣದ ಗೋಡೆ, ಮೂಲೆಯಲ್ಲಿ ಬುದ್ಧನ ತಲೆ, ಗೋಡೆಗುಂಟ ಇಳಿಯುವ ನೀರು. ಸಿಂದಗಿಯ ನಿಮ್ಮ ಮೂವತ್ತು–ನಲವತ್ತರ ಸೈಟಿನ ಮನೆಗೆ ಇವು ಹೊಂದುತ್ತವೆಯೇ ಎಂದು ಕೇಳಿದ್ದೀ. ಫೋನಿನಲ್ಲಿ ಹೇಳಿದರೆ ಮಾತು ತೇಲಿ ಹೋಗುತ್ತದೆ. ಅದಕ್ಕೇ ಕಾಗದ ಹಿಡಿದು ಕೂತೆ.

ಮೊದಲು ಒಂದು ಮಾತು. ನಿನ್ನ ಕಣ್ಣು ಚಲೋ ಇದೆ, ಯವ್ವಾ. ಈಗಿನ ಮನೆಗಳಲ್ಲಿ ಹೊಳೆಯುವುದನ್ನೇ ಹುಡುಕುವವರು ಬಹಳ. ನೀನು ಆರಿಸಿದ ಚಿತ್ರಗಳಲ್ಲಿ ಬರಿದಾದ ಜಾಗವೇ ಹೆಚ್ಚು. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರನಾಗಿ ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಎಂದು ವರ್ಗವಾಗುತ್ತಾ ತಿರುಗಿದವನು ನಾನು. ಹಾಳೆಯ ಮೇಲೆ ಖಾಲಿ ಬಿಡಲು ಹುಡುಗರಿಗೆ ಕಲಿಸುವುದೇ ಎಲ್ಲಕ್ಕಿಂತ ಕಠಿಣವಾಗಿತ್ತು. ನೀನು ಅದನ್ನು ನೀನಾಗಿಯೇ ಕಲಿತಿದ್ದೀ. ಆದರೆ ಆ ಖಾಲಿ ಜಾಗ ಎಲ್ಲಿಂದ ಬಂತು ಎಂಬುದು ನಿನಗೆ ತಿಳಿಯಬೇಕು. ಅದು ತಿಳಿದರೆ ಯಾವ ಸಾಮಾನು ತರಬೇಕು, ಯಾವುದು ಬೇಡ ಎಂದು ನನ್ನನ್ನು ಕೇಳುವ ಪ್ರಸಂಗವೇ ಬರುವುದಿಲ್ಲ.

ಜಪಾನಿನಲ್ಲಿ ಕೋಣೆಯನ್ನು ಚಾಪೆಯ ಲೆಕ್ಕದಲ್ಲಿ ಹೇಳುತ್ತಾರೆ. ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ, ಚಹಾ ಕೊಡುವುದಕ್ಕೆಂದೇ ನಾಲ್ಕೂವರೆ ಚಾಪೆಯ ಪುಟ್ಟ ಕೋಣೆ. ಆ ಚಾಪೆಗೆ ತತಾಮಿ ಎನ್ನುತ್ತಾರೆ. ಒಳಗೆ ಭತ್ತದ ಹುಲ್ಲು ಒತ್ತಿ, ಮೇಲೆ ಒಂದು ಬಗೆಯ ಜೊಂಡು ನೇಯ್ದು ಮಾಡುವುದು ಅದರ ಹಳೆಯ ಪದ್ಧತಿ. ಸುಮಾರು 3 ಅಡಿ ಅಗಲ, 6 ಅಡಿ ಉದ್ದ; ಒಬ್ಬರು ಮೈ ಚಾಚಿ ಮಲಗುವಷ್ಟು. ಅಂದರೆ ಮನುಷ್ಯನ ಮೈಯಿಂದಲೇ ಮನೆಯ ಅಳತೆ. ಹಗಲು ಹಾಸಿಗೆ ಸುತ್ತಿ ಕಪಾಟಿನಲ್ಲಿ ಇಟ್ಟರೆ ಮಲಗುವ ಕೋಣೆಯೇ ಊಟದ ಕೋಣೆ, ಅದೇ ಬಂದವರು ಕೂಡುವ ಕೋಣೆ.

ನಮ್ಮ ಮನೆಯನ್ನು ನಾವು ಹೇಗೆ ಎಣಿಸುತ್ತಿದ್ದೆವು, ನೆನಪಿದೆಯೇ? ಎರಡು ಕಂಬಗಳ ನಡುವಿನ ಜಾಗ ಒಂದು ಅಂಕಣ. ಐದಂಕಣದ ಮನೆ, ಒಂಬತ್ತಂಕಣದ ಮನೆ. ಕನ್ಯೆ ನೋಡಲು ಬಂದವರು ಹೊಲ ಎಷ್ಟು ಕೂರಿಗೆ ಎಂದು ಕೇಳಿದ ಮೇಲೆ ಮನೆ ಎಷ್ಟು ಅಂಕಣ ಎಂದು ಕೇಳುತ್ತಿದ್ದರು. ಪಡಸಾಲೆಯಲ್ಲಿ ಬೆಳಿಗ್ಗೆ ಜೋಳ ಹಸನು ಮಾಡುವುದು, ಮಧ್ಯಾಹ್ನ ಅಲ್ಲೇ ಊಟ, ಸಂಜೆ ಅಲ್ಲೇ ಭಜನೆ, ರಾತ್ರಿ ಅಲ್ಲೇ ಕೌದಿ. ಬೆಳಗಾದರೆ ಕೌದಿಗಳು ಜಂತೆಗೆ ತೂಗುಬಿಟ್ಟ ಗಳದ ಮೇಲೆ ಏರುತ್ತಿದ್ದವು, ನೆಲ ಮತ್ತೆ ಬರಿದು. ನಿನಗೆ ಚಿತ್ರದಲ್ಲಿ ಹಿಡಿಸಿದ್ದು ಇದೇ. ನೀನು ಏಳು ವರ್ಷದವಳಿದ್ದಾಗ ಬಾಗೇವಾಡಿಯ ನನ್ನ ಬಾಡಿಗೆ ಮನೆಯ ಪಡಸಾಲೆಯಲ್ಲಿ ಉರುಳಾಡಿ ಆಡಿದ್ದೀ. ಮೈಗೆ ಅದು ನೆನಪಿದೆ ಎಂದು ನನಗೆ ಅನ್ನಿಸುತ್ತದೆ.

ನೀನು ಕಳಿಸಿದ ನಕ್ಷೆಯಲ್ಲಿ ನಿನ್ನ ಹಾಲಿನ ಲೆಕ್ಕ ಹಾಕಿ ನೋಡಿದೆ. 12 ಅಡಿಗೆ 16 ಅಡಿ. ಚಾಪೆಯ ಲೆಕ್ಕದಲ್ಲಿ ಹತ್ತು ಚಾಪೆಗೆ ತುಸು ಹೆಚ್ಚು. ನೀವು ನೋಡಿಟ್ಟಿರುವ ಎಲ್ ಆಕಾರದ ಸೋಫಾ, ಅದರ ಮುಂದಿನ ಟೀಪಾಯಿ, ಗೋಡೆಯ ತುಂಬ ಟಿವಿ ಕಪಾಟು, ಇವುಗಳ ನಡುವೆ ಓಡಾಡುವ ಸಂದಿ ಸೇರಿದರೆ ಐದು ಚಾಪೆ ಹೋಯಿತು. ಅರ್ಧ ಮನೆ! ಸೋಫಾ ಬಿಟ್ಟುಬಿಡು. ಬೀದಿ ಕಡೆಯ ಗೋಡೆಗುಂಟ ಹದಿನಾರು ಇಂಚು ಎತ್ತರದ ಒಂದು ಕಟ್ಟೆ ಕಟ್ಟಿಸು, ಮೇಲೆ ಕಲ್ಲು ಹಾಸಿಸು. ಕೆಳಗೆ ಹಾಸಿಗೆ, ಕೌದಿ ಇಡಲು ಗೂಡು. ಮೇಲೆ ತೆಳುವಾದ ಗಾದಿ, ಒಂದಿಷ್ಟು ಲೋಡು. ಎಂಟು ಮಂದಿ ಕೂಡುತ್ತಾರೆ, ನಡುವಿನ ನೆಲ ಪೂರಾ ಉಳಿಯುತ್ತದೆ.

ಈಗ ನನ್ನ ತಪ್ಪಿನ ಕಥೆ. ನಿನಗೆ ಇದನ್ನು ಯಾರೂ ಹೇಳಿಲ್ಲ.

ನಮ್ಮ ಊರಿನ ಮನೆ ಒಂಬತ್ತಂಕಣದ್ದು. ನನ್ನ ಅಜ್ಜ ಕಟ್ಟಿಸಿದ್ದು. ಗೋಡೆ ಎರಡು ಮೊಳ ದಪ್ಪ. ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಕಟ್ಟಿಗೆಯ ಸೀಳು, ಸೊಪ್ಪು, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಬೆಳೆ ಬಾರದ ಆ ಮಣ್ಣು ಮಾಳಿಗೆಗೆ ಬಹಳ ಬೇಕಾದದ್ದು. ಮಳೆ ನೀರು ಬಿದ್ದರೆ ಮೈ ಬಿಗಿದು ನೀರನ್ನು ಕೆಳಗೆ ಇಳಿಯಗೊಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಮಣ್ಣು ಏರಿಸುವ ಕೆಲಸ ಇರುತ್ತಿತ್ತು. ಬಿಸಿಲು 40 ಡಿಗ್ರಿ ದಾಟಿದ ದಿನವೂ ಒಳಗೆ ಕಾಲಿಟ್ಟರೆ ಹರವಿಯ ನೀರಿನಲ್ಲಿ ಕೈ ಅದ್ದಿದ ಹಾಗೆ. 1989ರಲ್ಲಿ ನನಗೆ ಸ್ಲ್ಯಾಬಿನ ಮನೆಯ ಹುಚ್ಚು ಹಿಡಿಯಿತು. ನೌಕರಿ ಇದ್ದ ಮನುಷ್ಯನ ಮನೆ ಮಣ್ಣಿನದೇ ಎಂದು ಯಾರಾದರೂ ಅಂದಾರು ಎಂಬ ನಾಚಿಕೆ. ಮಾಳಿಗೆ ಇಳಿಸಿದೆ, ಗೋಡೆ ಕೆಡವಿದೆ, ಕಂಬ, ಬೋದಿಗೆ, ಬಾಗಿಲವಾಡ ಎಲ್ಲವನ್ನೂ ಕಟ್ಟಿಗೆಯ ಭಾವಕ್ಕೆ ಕೊಟ್ಟುಬಿಟ್ಟೆ. ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಎರಡರವರೆಗೂ ಕಾವು ಕೆಳಗೆ ಬಿಡುತ್ತಿತ್ತು. ನಿನ್ನ ಆಯಿ ಒಂದು ಮಾತೂ ಆಡಲಿಲ್ಲ. ಚಾಪೆ ಸುತ್ತಿಕೊಂಡು ಅಂಗಳಕ್ಕೆ ಹೋಗಿ ಮಲಗಿದಳು. ಕೊನೆಯ ಬೇಸಿಗೆಯವರೆಗೂ ಅವಳು ಆ ಮನೆಯೊಳಗೆ ನಿದ್ದೆ ಮಾಡಲಿಲ್ಲ.

ನಿಮ್ಮದೂ ಸ್ಲ್ಯಾಬಿನ ಮನೆಯೇ. ಈಗ ಮಣ್ಣಿನ ಮಾಳಿಗೆ ಹಾಕಿಸು ಎಂದು ನಾನು ಹೇಳುವುದಿಲ್ಲ. ಪ್ರತಿ ವರ್ಷ ಮಣ್ಣು ಏರಿಸುವವರು ಯಾರು? ಆದರೆ ಫಾಲ್ಸ್ ಸೀಲಿಂಗಿಗೆಂದು ಎತ್ತಿಟ್ಟ ದುಡ್ಡನ್ನು ಸ್ಲ್ಯಾಬಿನ ಕೆಳಗೆ ಖರ್ಚು ಮಾಡಬೇಡ, ಮೇಲೆ ಮಾಡು. ಬಿಳಿ ಟೈಲ್ಸಿನ ಚೂರುಗಳನ್ನು ಒತ್ತೊತ್ತಾಗಿ ಹಾಸಿಸಿದರೆ ಬಿಸಿಲಿನ ಬಹುಪಾಲು ಮೇಲಿಂದಲೇ ವಾಪಸು ಹೋಗುತ್ತದೆ. ಕೋಣೆಯ ಎತ್ತರವೂ ಉಳಿಯುತ್ತದೆ. ಬೂದಿ ಬಣ್ಣವನ್ನು ಒಳಗೆ ಒಂದು ಗೋಡೆಗೆ ಬೇಕಾದರೆ ಬಳಿ, ಪಶ್ಚಿಮದ ಹೊರಗೋಡೆಗೆ ಮಾತ್ರ ಬೇಡವೇ ಬೇಡ.

ಬೆಳಕಿನ ವಿಷಯ. ಜುನಿಚಿರೊ ತನಿಜಾಕಿ ಎಂಬ ಜಪಾನೀ ಲೇಖಕ 1933ರಲ್ಲಿ ನೆರಳನ್ನು ಕುರಿತೇ ಒಂದು ದೀರ್ಘ ಪ್ರಬಂಧ ಬರೆದ. ಅದು ಶುರುವಾಗುವುದು ನಿಮ್ಮಂಥ ಮನೆ ಕಟ್ಟಿಸುವವರ ಫಜೀತಿಯಿಂದ: ಹಳೆಯ ರೀತಿಯ ಮನೆಯಲ್ಲಿ ಕರೆಂಟಿನ ವೈರು, ಗ್ಯಾಸಿನ ಕೊಳವೆಗಳನ್ನು ಎಲ್ಲಿ ಮುಚ್ಚಿಡುವುದು? ಅಲ್ಲಿಂದ ಅವನು ಕಾಗದದ ಬಾಗಿಲಿನಿಂದ ಸೋಸಿ ಬರುವ ಮಂದ ಬೆಳಕಿನ ಸೊಗಸಿಗೆ ಹೋಗುತ್ತಾನೆ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಬೆಳಕಿಂಡಿ. ಮಾಳಿಗೆಯ ಒಂದು ಕಿಂಡಿಯಿಂದ ಬಿಸಿಲಿನ ಒಂದೇ ಕೋಲು ಇಳಿದು ಅಡುಗೆಯ ಹೊಗೆಯಲ್ಲಿ ನಿಲ್ಲುತ್ತಿತ್ತು. ಆ ಕೋಲು ಯಾವ ಗೋಡೆಗೆ ತಾಗಿದೆ ಎಂದು ನೋಡಿ ನಿನ್ನ ಆಯಿ ಹೊತ್ತು ಹೇಳುತ್ತಿದ್ದಳು.

ವಿಜಯಪುರದ ಇಬ್ರಾಹಿಂ ರೋಜಾಕ್ಕೆ ಮತ್ತೊಮ್ಮೆ ಹೋಗು, ಈ ಸಲ ಸೆಲ್ಫಿ ಆದ ಮೇಲೆ ಕಿಟಕಿಗಳ ಮುಂದೆ ಸುಮ್ಮನೆ ನಿಂತುಕೋ. ಕಲ್ಲನ್ನೇ ಅಕ್ಷರಗಳಾಗಿ ಕೊರೆದು, ಅಕ್ಷರಗಳ ನಡುವಿನ ಸಂದಿಯಿಂದ ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಟ್ಟಿದ್ದಾರೆ. ಬಿಸಿಲು ಹೊರಗೇ ಉಳಿಯುತ್ತದೆ. ನಿನ್ನ ಹಾಲಿಗೆ ಪಶ್ಚಿಮದಲ್ಲಿ ಆರಡಿ ಗಾಜು ಎಂದು ನಕ್ಷೆಯಲ್ಲಿ ಬರೆದಿದೆ. ಆ ಗಾಜು ಚಳಿ ದೇಶದ ಚಿತ್ರದಿಂದ ಬಂದದ್ದು, ತಂಗಿ. ಅಲ್ಲಿ ಬಿಸಿಲನ್ನು ಒಳಗೆ ಕರೆಯಬೇಕು. ನೀನು ಆ ಜಾಗದಲ್ಲಿ ಸುಟ್ಟ ಮಣ್ಣಿನ ಜಾಲಿ ಇಟ್ಟಿಗೆ ಕೂಡಿಸು. ನಾಲ್ಕು ಗಂಟೆಯ ಹೊತ್ತಿಗೆ ನಿನ್ನ ನೆಲದ ಮೇಲೆ ಅದು ತಾನೇ ಚಿತ್ರ ಬಿಡಿಸುತ್ತದೆ. ಯಂತ್ರದಲ್ಲಿ ಕತ್ತರಿಸಿದ ರಟ್ಟಿನಂಥ ಹಲಗೆಯ ಜಾಲಿ ತೋರಿಸುತ್ತಾರೆ, ಒಪ್ಪಬೇಡ. ಒಂದು ಮಳೆಗಾಲದ ಎರಚಲಿಗೆ ಊದಿಕೊಳ್ಳುತ್ತದೆ.

ನೆಲಕ್ಕೆ ತಾಳಿಕೋಟೆ ಕಡೆಯ ಫರಸಿ ಹಾಕಿಸು. ಕಟ್ಟಿಗೆಯ ಹಾಗೆ ಕಾಣುವ ಟೈಲ್ಸು ಬೇಡ. ನಮ್ಮ ಮುದ್ದೇಬಿಹಾಳದ ಮಗ್ಗುಲಲ್ಲೇ ಭೂಮಿಯೊಳಗೆ ಹಾಳೆ ಹಾಳೆಯಾಗಿ ಮಲಗಿರುವ ಸುಣ್ಣದ ಕಲ್ಲು ಅದು. ಒಂದೊಂದರ ಬಣ್ಣ ಒಂದೊಂದು ತರಹ ಬೂದಿ; ನಿನಗೆ ಬೇಕಾದ ಬೂದಿ ಬಣ್ಣ ಅಲ್ಲೇ ಸಿಕ್ಕಿತಲ್ಲ. ಬರಿಗಾಲಿಗೆ ತಂಪು. ವರ್ಷ ಕಳೆದ ಹಾಗೆ ಓಡಾಡಿದ ಜಾಗ ನುಣುಪಾಗುತ್ತದೆ. ಲಿಂಬೆಹಣ್ಣಿನ ರಸ ಬಿದ್ದರೆ ಮಾತ್ರ ಕಲೆ ಉಳಿಯುತ್ತದೆ. ಇಂಡಿಯ ಅತ್ತೆಯ ತೋಟದಿಂದ ಚೀಲಗಟ್ಟಲೆ ಲಿಂಬೆ ಬರುವ ಮನೆ ನಿನ್ನದು, ಅಡುಗೆಮನೆಯ ಕಟ್ಟೆಗೆ ಗ್ರಾನೈಟೇ ಇರಲಿ.

ಆ ಫರಸಿಯ ಮೇಲೆ ತತಾಮಿ ತರಿಸುವ ಆಸೆ ಬಿಡು. ನವಲಗುಂದದ ಜಮಖಾನ ಒಂದು ತಗೋ. ಹೆಣ್ಣುಮಕ್ಕಳು ಮಗ್ಗದ ಮುಂದೆ ಕೂತು ನೇಯುವ, ಪಗಡೆ ಹಾಸಿನ ಚಿತ್ರ ಇರುವ ಜಮಖಾನ. ಆದಿಲ್‌ಶಾಹಿ ಕಾಲದಲ್ಲಿ ವಿಜಯಪುರದಲ್ಲಿದ್ದ ನೇಕಾರರು ನವಲಗುಂದಕ್ಕೆ ಹೋಗಿ ನೆಲೆಸಿದರು ಎಂದು ಹೇಳುತ್ತಾರೆ. ಹಾಗಿದ್ದರೆ ಅದು ನಿನ್ನ ಮನೆಗೆ ಬರುವುದು ತವರಿಗೆ ಬಂದ ಹಾಗೆ. ಅಂದ ಹಾಗೆ, ಏಷ್ಯಾದ ಸೊಬಗು ನಮ್ಮ ಕಡೆಗೆ ಈಗ ಫೋನಿನಲ್ಲಿ ಬಂದದ್ದಲ್ಲ. ಗೋಳಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಚೀನಾದ ಪಿಂಗಾಣಿ, ಹಳೆಯ ರತ್ನಗಂಬಳಿಗಳನ್ನು ನೀನೇ ನೋಡಿದ್ದೀ. ಪರ್ಷಿಯಾದ ಅರಮನೆಗಳಲ್ಲಿ ಅಂಥ ಪಿಂಗಾಣಿ ಇಡಲೆಂದೇ ಗೋಡೆಯಲ್ಲಿ ಸಾಲಾಗಿ ಗೂಡು ಬಿಡುತ್ತಿದ್ದರು. ಜಪಾನಿನಲ್ಲಿ ಒಂದೇ ಒಂದು ಗೂಡು, ಅದರಲ್ಲಿ ಒಂದು ಚಿತ್ರ, ಒಂದು ಹೂವು. ನಮ್ಮದು ದೀಪದ ಮಾಡ. ಹಾಲಿನ ಗೋಡೆಯಲ್ಲಿ ಅಂಥದೊಂದು ಮಾಡ ಬಿಡಿಸು. ಷೋಕೇಸು ಬೇಡ. ಮಾಡದಲ್ಲಿ ಒಂದು ಸಲಕ್ಕೆ ಒಂದೇ ವಸ್ತು, ತಿಂಗಳಿಗೊಮ್ಮೆ ಬದಲಿಸು.

ಅಡುಗೆಮನೆಯ ನಕ್ಷೆ ನೋಡಿ ನಾನು ಬಹಳ ಹೊತ್ತು ಯೋಚಿಸಿದೆ. ಕಟ್ಟೆ ಉದ್ದಕ್ಕೂ 34 ಇಂಚು ಎತ್ತರ, ಹಾಲಿಗೆ ತೆರೆದಿದೆ. ಚಿತ್ರದ ಆ ಅಡುಗೆಮನೆಯಲ್ಲಿ ಯಾರೂ ಜೋಳದ ರೊಟ್ಟಿ ಬಡಿಯುವುದಿಲ್ಲ. ರೊಟ್ಟಿ ಬಡಿಯುವವಳ ಭಾರ ಭುಜದಿಂದ ಅಂಗೈಗೆ ನೇರ ಇಳಿಯಬೇಕು. ಎತ್ತರದ ಕಟ್ಟೆಯ ಮೇಲೆ ಬಡಿದರೆ ಭುಜ ಎತ್ತಿ ಎತ್ತಿ ವರ್ಷದೊಳಗೆ ಕುತ್ತಿಗೆ ಹಿಡಿಯುತ್ತದೆ. ನಿನ್ನ ಅವ್ವನನ್ನು ಕೇಳು. ಒಲೆಯ ಮಗ್ಗುಲಲ್ಲಿ ಮೂರಡಿ ಉದ್ದ, ಎಂಟು ಇಂಚು ತಗ್ಗಾಗಿ ಒಂದು ಕಲ್ಲು ಕೂಡಿಸಲು ಹೇಳು. ಹೊಸ ನಮೂನೆಯ ಅಡುಗೆಮನೆಯೊಳಗೆ ಅದೊಂದು ಮೆಟ್ಟಿಲು ಬಹಳ ಚಂದ ಕಾಣುತ್ತದೆ. ಒಗ್ಗರಣೆಯ ಘಾಟು ಹಾಲಿಗೆ ಬರದಂತೆ ನಡುವೆ ನಿನ್ನ ಕಾಗದದ ಬಾಗಿಲಿನ ಜಾಗದಲ್ಲಿ ಕಟ್ಟಿಗೆಯ ಚೌಕಟ್ಟಿನ ಸರಿಸುವ ಬಾಗಿಲು ಇಡು, ಅದಕ್ಕೆ ಮಬ್ಬುಗಾಜು. ಆ ಒಂದು ಚಿತ್ರವನ್ನು ನಾನು ಪೂರ್ಣ ಒಪ್ಪಿದ್ದೇನೆ.

ಮಲಗುವ ಕೋಣೆಯಲ್ಲಿ ತಗ್ಗಿನ ಮಂಚ ನಿಮ್ಮಿಬ್ಬರಿಗೆ ಇರಲಿ, ಕೆಳಗೆ ಕಸಬರಿಗೆ ಆಡುವಷ್ಟು ಸಂದಿ ಬಿಡು. ಎರೆಹೊಲದ ಊರು, ಧೂಳಿಗೂ ಚೇಳಿಗೂ ಅಡಗಲು ಜಾಗ ಸಿಗಬಾರದು. ಬಂದವರ ಕೋಣೆಯಲ್ಲಿ ಮಾತ್ರ 18 ಇಂಚಿನ ಮಂಚ ಹಾಕು. ನನ್ನ ಮೊಣಕಾಲಿಗೆ.

ಗೋಡೆಯ ಮೇಲಿನ ನೀರು ಬೇಡ. ನಿಮ್ಮ ಬೋರಿನ ಗಡಸು ನೀರು ಮೂರು ತಿಂಗಳಲ್ಲಿ ಗೋಡೆಗೆ ಬಿಳಿ ಪೊರೆ ಕಟ್ಟುತ್ತದೆ. ಸಿಂದಗಿಯ ದಾರಿಯಲ್ಲಿ ಕುಮಟಗಿಯ ಕೆರೆಯಲ್ಲಿ ಸುಲ್ತಾನರು ಕಾರಂಜಿ ಮಂಟಪ ಕಟ್ಟಿಕೊಂಡರು, ಅವರ ಕಾಲ ಬುಡದಲ್ಲೇ ಕೆರೆ ಇತ್ತು. ನೀನು ಮೂಲೆಯಲ್ಲಿ ಮರಳು ಹಾಕಿ ಅದರ ಮೇಲೆ ಒಂದು ಹರವಿ ಇಡು.

ಬುದ್ಧನ ವಿಷಯಕ್ಕೆ ಬರುತ್ತೇನೆ. ಇದನ್ನು ಮನಸ್ಸಿಗೆ ಹಚ್ಚಿಕೊಂಡು ಓದು. ರುಂಡ ಮಾತ್ರ ಇರುವ ಆ ಮೂರ್ತಿ ಹೇಗೆ ಬಂತು ಗೊತ್ತೇ? ಏಷ್ಯಾದ ಎಷ್ಟೋ ಗುಡಿ, ಗುಹೆಗಳಲ್ಲಿ ಇಡೀ ಮೂರ್ತಿ ಹೊರಲಾಗದ ಕಳ್ಳರು ತಲೆಯನ್ನಷ್ಟೇ ಕಡಿದು ಮಾರಿದರು. ಅದರ ನಕಲನ್ನು ನಾವು ಷೋಕಿಗೆ ಇಡುತ್ತೇವೆ. ಬುದ್ಧ ನಮಗೆ ದೂರದ ನೆಂಟನೂ ಅಲ್ಲ. ಇಂಡಿ, ಸಿಂದಗಿಯ ಅಂಚಿನಲ್ಲಿ ಹರಿಯುವ ಭೀಮೆಯ ಗುಂಟ ಇಳಿದರೆ ಸನ್ನತಿ ಬರುತ್ತದೆ. ಅಲ್ಲಿನ ಕನಗನಹಳ್ಳಿಯಲ್ಲಿ ಮಹಾಸ್ತೂಪವೇ ಮಣ್ಣಿನಿಂದ ಎದ್ದು ಬಂತು, ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪದ ಸಮೇತ. ಬುದ್ಧ ಬೇಕಾದರೆ ಇಡೀ ಬುದ್ಧನನ್ನು ತಾ, ಕಣ್ಣಿನ ಮಟ್ಟಕ್ಕೆ ಮಾಡದಲ್ಲಿ ಕೂಡಿಸು, ಬೂಟು ಬಿಡುವ ಸ್ಟ್ಯಾಂಡಿನ ಮೇಲಲ್ಲ.

ಇನ್ನು ನಾನು ಕೊಡುವುದು. ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟವರು ಬಾಗಿಲವಾಡ ಕಳಚಿ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುವುದನ್ನು ಬಾಗೇವಾಡಿಯಲ್ಲಿದ್ದಾಗ ನೋಡಿದೆ. ಗಂಡಸರು ಪಾತ್ರೆ ಪಗಡೆ ಬಿಟ್ಟರೂ ಬಾಗಿಲವಾಡ ಬಿಡಲಿಲ್ಲ. ಅವತ್ತು ಮನೆಗೆ ಬಂದು, ನಾನು ಮಾರಿದ ಕಟ್ಟಿಗೆ ಯಾರ ಹತ್ತಿರ ಇದೆ ಎಂದು ಹುಡುಕಲು ಹೊರಟೆ. ಬಹುಪಾಲು ಹೋಗಿಬಿಟ್ಟಿತ್ತು. ಎರಡು ಸಾಗವಾನಿ ಕಂಬ, ಅವುಗಳ ಬೋದಿಗೆ ಸಮೇತ, ಒಬ್ಬರ ದನದ ಕೊಟ್ಟಿಗೆಯಲ್ಲಿ ನಿಂತಿದ್ದವು. ಕೇಳಿದಷ್ಟು ಕೊಟ್ಟು ತಂದೆ. ನಿನ್ನ ಆಯಿ ಅವುಗಳಿಗೆ ಪ್ರತಿ ದೀಪಾವಳಿಗೆ ಅಗಸೆ ಎಣ್ಣೆ ಸವರುತ್ತಿದ್ದಳು, ಅವಳ ನಂತರ ನಾನು ಸವರುತ್ತಿದ್ದೇನೆ. ಬೋದಿಗೆಯಲ್ಲಿ ಗಿಣಿ ಇದೆ, ಒಂದರ ಕೊಕ್ಕು ಮುರಿದಿದೆ. ಅದು ನಿನ್ನ ಅಪ್ಪ ಗಿಲ್ಲಿ ಆಡುವಾಗ ಮಾಡಿದ್ದು. ಹಾಲಿಗೂ ಊಟದ ಜಾಗಕ್ಕೂ ನಡುವೆ ಬಿದಿರಿನ ತಡಿಕೆ ಎಂದು ಬರೆದಿದ್ದೀಯಲ್ಲ, ಅಲ್ಲಿ ಈ ಎರಡು ಕಂಬ ನಿಲ್ಲಲಿ. ನಿನ್ನ ಮನೆಗೂ ಒಂದು ಅಂಕಣ ಆಗುತ್ತದೆ.

ಕಂಬದ ಎತ್ತರ ಬೋದಿಗೆ ಸೇರಿ ಏಳು ಅಡಿ ಒಂಬತ್ತು ಇಂಚು. ಬುಡ ಹತ್ತು ಇಂಚು ಚೌಕ. ಗೆದ್ದಲು ಹತ್ತದ ಹಾಗೆ ಕೆಳಗೆ ಒಂದು ಅಡಿಯ ಕಲ್ಲಿನ ಪೀಠ ಬೇಕು. ಫರಸಿ ಹಾಕುವ ಮೊದಲೇ ಪೀಠ ಕೂಡಿಸಬೇಕು, ಆಮೇಲೆ ನೆಲ ಒಡೆಯುವ ಹಾಗಾಗಬಾರದು. ಗೌಂಡಿಗೆ ಇವತ್ತೇ ಹೇಳು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಟೆಂಪೋ ಯಾವ ದಿನ ಬರುತ್ತದೆ ಎಂದು ಫೋನ್ ಮಾಡಿದರೆ ಕಂಬಗಳಿಗೆ ಕೌದಿ ಸುತ್ತಿ ಕಟ್ಟಿಡುತ್ತೇನೆ.

ಇತಿ ನಿನ್ನ
ಮುತ್ಯಾ