ಕೆಲಸ ಬಿಟ್ಟ ಕ್ರೇನು

ಸನ್ನೆಕೋಲಿನ ಪಾಠದ ದಿನ ಮೇಷ್ಟ್ರು ಒಂದು ಚಿತ್ರ ತೋರಿಸಿ, "ಇದೇನು ಹೇಳಿ ನೋಡೋಣ" ಅಂದರು. ನಾನು ಎದ್ದು ನಿಂತು "ಏತ ಸಾರ್" ಅಂದೆ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ.

ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಎಂಬ ಊರಿನ ಟೈಟನ್ ಕ್ರೇನು. ಜಾನ್ ಬ್ರೌನ್ ಎಂಬ ಹಡಗು ಕಟ್ಟುವ ಕಂಪನಿಗಾಗಿ 1907ರಲ್ಲಿ ಕಟ್ಟಿದ್ದು. ಎತ್ತರ 150 ಅಡಿ. ನಮ್ಮೂರಿನ ತೆಂಗಿನ ಮರಗಳನ್ನು ಒಂದರ ಮೇಲೊಂದು ಎರಡು ನಿಲ್ಲಿಸಿದರೂ ಅಷ್ಟು ಆಗುವುದು ಅನುಮಾನ! ಈ ಜಾತಿಯ ಕ್ರೇನುಗಳಲ್ಲಿ ಕರೆಂಟಿನಿಂದ ನಡೆದದ್ದು ಜಗತ್ತಿನಲ್ಲಿ ಇದೇ ಮೊದಲು.

ದೊಡ್ಡ ಹಡಗನ್ನು ಕಟ್ಟುವಾಗ ಮೊದಲು ಬರೀ ಒಡಲನ್ನು ಮಾಡಿ ನದಿಗೆ ಜಾರಿಸುತ್ತಾರೆ. ಆಮೇಲೆ ನೀರಿನಲ್ಲಿ ತೇಲುತ್ತಿರುವಾಗಲೇ ಬಾಯ್ಲರು, ಇಂಜಿನ್ನು ಇವನ್ನೆಲ್ಲಾ ಒಳಗೆ ಇಳಿಸಬೇಕು. ಅದೇ ಈ ಕ್ರೇನಿನ ಕೆಲಸ. ಮೊದಲು ಸುಮಾರು 150 ಟನ್ ಎತ್ತುತ್ತಿತ್ತು. 1930ರ ದಶಕದಲ್ಲಿ ಗಟ್ಟಿ ಮಾಡಿದ ಮೇಲೆ ಸುಮಾರು 200 ಟನ್. ಕ್ವೀನ್ ಮೇರಿ ಎಂಬ ಪ್ರಸಿದ್ಧ ಹಡಗು ಸಿದ್ಧವಾದದ್ದು ಇದರ ಕೈಕೆಳಗೇ.

ಅಷ್ಟು ಭಾರ ಎತ್ತಿದರೂ ಯಾಕೆ ಮಗುಚುವುದಿಲ್ಲ? ನಾನೂ ನನ್ನ ಬೆಂಚಿನವನೂ ಒಂದು ಪ್ರಯೋಗ ಮಾಡಿದೆವು. ಸ್ಕೇಲಿನ 10ನೇ ಗೆರೆಯ ಕೆಳಗೆ ಪೆನ್ಸಿಲ್ ಇಟ್ಟು, ಉದ್ದದ ಕಡೆಯ ತುದಿಗೆ ಒಂದು ನಾಣ್ಯ ಇಟ್ಟೆವು. ಆ ಕಡೆ ಎರಡರಷ್ಟು ಉದ್ದ, ಹಾಗಾದರೆ ಗಿಡ್ಡ ಕಡೆಗೆ ಎರಡು ನಾಣ್ಯ ಸಾಕು ಅಂತ ನಮ್ಮ ಲೆಕ್ಕ. ಸಾಕಾಗಲಿಲ್ಲ, ನಾಲ್ಕು ಬೇಕಾಯಿತು. ಸ್ಕೇಲಿಗೂ ಭಾರ ಉಂಟು, ಅದೂ ಉದ್ದದ ಕಡೆಗೇ ಬೀಳುತ್ತೆ ಅಂತ ಆಮೇಲೆ ಹೊಳೆಯಿತು. ಕ್ರೇನಿನ ಉದ್ದ ತೋಳಿನದೂ ಹಾಗೆಯೇ. ಅದಕ್ಕೇ ಗಿಡ್ಡ ತೋಳಿನ ಮೇಲೆ ಮೋಟಾರುಗಳ ಮನೆ ಮತ್ತು ಎದುರು ಭಾರ ಇಟ್ಟಿದ್ದಾರೆ. ನಮ್ಮ ಏತದ ಹಿಂದೆ ಕಲ್ಲು ಕಟ್ಟುವುದಿಲ್ಲವೇ, ಹಾಗೆ.

1941ರ ಮಾರ್ಚ್ ತಿಂಗಳಲ್ಲಿ ಎರಡು ರಾತ್ರಿ ಜರ್ಮನ್ ವಿಮಾನಗಳು ಕ್ಲೈಡ್‌ಬ್ಯಾಂಕಿನ ಮೇಲೆ ಬಾಂಬು ಹಾಕಿದವು. ಐನೂರಕ್ಕೂ ಹೆಚ್ಚು ಜನ ಸತ್ತರು. ಪೆಟ್ಟು ಬೀಳದ ಮನೆ ಊರಲ್ಲಿ ಬೆರಳೆಣಿಕೆಯಷ್ಟು. ಕ್ರೇನು ಮಾತ್ರ ನಿಂತೇ ಇತ್ತು. ಮುಂದೆ ಹಡಗಿನ ಕೆಲಸ ಕಡಿಮೆಯಾಗುತ್ತಾ ಬಂದು 2001ರಲ್ಲಿ ಕಾರ್ಖಾನೆಯೇ ಮುಚ್ಚಿತು.

ಸುಮ್ಮನೆ ನಿಂತ ಕಬ್ಬಿಣ ತುಕ್ಕು ಹಿಡಿಯುತ್ತದೆ. ಬಣ್ಣ ಬಳಿಯಲು ದುಡ್ಡು ಬೇಕು. ಆ ದುಡ್ಡು ಯಾರು ಕೊಡ್ತಾರೆ? ಅಲ್ಲಿಯವರು ಅದನ್ನು ರಿಪೇರಿ ಮಾಡಿ, ಬಣ್ಣ ಬಳಿದು, ಲಿಫ್ಟು ಹಾಕಿ, 2007ರಲ್ಲಿ ಜನರು ಹತ್ತಿ ನೋಡುವಂತೆ ಮಾಡಿದರು. ಮೇಲಿನಿಂದ ಕ್ಲೈಡ್ ನದಿ ಕಾಣುತ್ತಿತ್ತು, ಹಳೇ ಮೋಟಾರುಗಳನ್ನೂ ನೋಡಬಹುದಿತ್ತು. ಅದೇ ನದಿಯ ದಂಡೆಯ ಗೋವನ್‌ನಲ್ಲಿ ಇಂಥದೇ ಇನ್ನೊಂದು ಕ್ರೇನು ಇತ್ತು. ಅದನ್ನು ಅದೇ 2007ರಲ್ಲಿ ಕೆಡವಿದರು. ಈ ಮಾತು ಓದಿದಾಗ ನನಗೆ ಯಾಕೋ ತುಂಬಾ ಬೇಜಾರಾಯಿತು.

ಯಾಕೆಂದರೆ ನಮ್ಮ ಹಿತ್ತಲಲ್ಲಿ ತಾತನ ಕಾಲದ ಎತ್ತಿನ ಕಬ್ಬಿನ ಗಾಣ ಇದೆ. ಚಿಕ್ಕಪ್ಪ "ಗುಜರಿಗೆ ಹಾಕೋಣ, ಕೇಜಿ ಲೆಕ್ಕದಲ್ಲಿ ದುಡ್ಡು ಬರುತ್ತೆ" ಅಂತಾರೆ. ತಾತ ಏನೂ ಮಾತಾಡುವುದಿಲ್ಲ, ಎದ್ದು ಹೊರಗೆ ಹೋಗುತ್ತಾರೆ. ಅದನ್ನು ನೋಡಲು ಯಾರೂ ಟಿಕೀಟು ಕೊಂಡು ಬರುವುದಿಲ್ಲ, ನನಗೂ ಗೊತ್ತು. ಆದರೂ ಅದರ ಮೂರು ಉರುಳೆಗಳು ಹೇಗೆ ತಿರುಗುತ್ತವೆ ಅಂತ ನಮ್ಮ ತರಗತಿಯವರೆಲ್ಲಾ ಒಂದು ಸಲ ಬಂದು ನೋಡಿ. ಭಾನುವಾರ ಬೆಳಿಗ್ಗೆ ಬನ್ನಿ. ಹಲ್ಲುಗಳಿಗೆ ಎಣ್ಣೆ ಹಾಕಿಟ್ಟಿರುತ್ತೇನೆ, ಕಬ್ಬು ಮಾತ್ರ ನೀವೇ ತರಬೇಕು.