ಎಳೆದರೆ ಬಿಗಿಯುವ ಗಂಟು



ನಾವು ಗಂಟನ್ನೂ ಬಿಡಿಸುತ್ತೇವೆ, ಒಗಟನ್ನೂ ಬಿಡಿಸುತ್ತೇವೆ. ಕನ್ನಡದಲ್ಲಿ ಎರಡಕ್ಕೂ ಒಂದೇ ಮಾತು. ಕೊರಟಗೆರೆ ತಾಲ್ಲೂಕಿನ ಕೊಳಾಲದ ಕಡೆ ದನ ಕಟ್ಟುವ ಮನೆಗಳಲ್ಲಿ ಬೆಳೆದವರಿಗೆ ಹೊಸದಾಗಿ ಹೇಳಬೇಕಿಲ್ಲ: ಸಿಕ್ಕಾದ ಹಗ್ಗವನ್ನು ಸಿಟ್ಟಿನಿಂದ ಎಳೆದಷ್ಟೂ ಅದು ಕಗ್ಗಂಟಾಗುತ್ತದೆ.

ಮನೆಯಲ್ಲಿ ಅಣ್ಣತಂಗಿ ಜಗಳವಾಡಿ ಮಾತು ಬಿಟ್ಟಿದ್ದಾರೆಯೇ? "ಕ್ಷಮೆ ಕೇಳು" ಎಂದು ಗದರಿಸುವ ಮುನ್ನ ಒಂದೊಂದು ಮಾರುದ್ದದ ಎರಡು ಮೆತ್ತನೆಯ ಹಗ್ಗ ತನ್ನಿ. ಒಂದರ ಎರಡು ತುದಿಗಳನ್ನು ಅಣ್ಣನ ಎರಡು ಮಣಿಕಟ್ಟುಗಳಿಗೆ ಕಟ್ಟಿ. ಇನ್ನೊಂದನ್ನು ತಂಗಿಯ ಒಂದು ಕೈಗೆ ಕಟ್ಟಿ, ಅಣ್ಣನ ಹಗ್ಗದ ಒಳಗಿನಿಂದ ತೂರಿಸಿ, ಬಳಿಕ ಅವಳ ಇನ್ನೊಂದು ಕೈಗೆ ಕಟ್ಟಿ. ಕುಣಿಕೆಗಳು ಬಳೆಯಷ್ಟು ಸಡಿಲವಾಗಿರಲಿ. ಕುತ್ತಿಗೆಯ ಹತ್ತಿರ ಹಗ್ಗ ಸುಳಿಯಕೂಡದು. ದೊಡ್ಡವರು ಪಕ್ಕದಲ್ಲೇ ಇರಬೇಕು. ಗಂಟು ಬಿಚ್ಚದೆ, ಹಗ್ಗ ಕತ್ತರಿಸದೆ, ಕುಣಿಕೆ ಕಳಚದೆ ಇಬ್ಬರೂ ಬೇರೆಯಾಗಬೇಕು.

ಮೊದಲು ಎಳೆದಾಡುತ್ತಾರೆ. ಆಮೇಲೆ ಒಬ್ಬರ ತೋಳಿನಡಿ ಇನ್ನೊಬ್ಬರು ನುಸುಳುತ್ತಾರೆ, ಹಗ್ಗ ದಾಟುತ್ತಾರೆ, ಉರುಳಿ ಬಿದ್ದು ನಗುತ್ತಾರೆ. ಅದರಿಂದೇನೂ ಬಿಡುವುದಿಲ್ಲ. ಮೈಯನ್ನು ಎಷ್ಟು ತಿರುಗಿಸಿದರೂ ಒಂದು ಹಗ್ಗ ಇನ್ನೊಂದರೊಳಗೇ ಉಳಿಯುತ್ತದೆ. ದಾರಿ ಇರುವುದು ಮಣಿಕಟ್ಟಿನ ಆ ಸಣ್ಣ ಸಂದಿಯಲ್ಲಿ. ತಂಗಿ ತನ್ನ ಹಗ್ಗದ ನಡುಭಾಗವನ್ನು ಮಡಚಿ, ಅಣ್ಣನ ಅಂಗೈ ಬದಿಯಲ್ಲಿ, ಮೊಣಕೈ ಕಡೆಯಿಂದ ಬೆರಳ ಕಡೆಗೆ, ಕುಣಿಕೆಯ ಅಡಿ ತೂರಿಸಬೇಕು. ಅದನ್ನು ಅಗಲಿಸಿ ಅವನ ಇಡೀ ಕೈಯ ಮೇಲಿಂದ ಹಿಂಬದಿಗೆ ದಾಟಿಸಿ, ಅಲ್ಲಿ ಮತ್ತೆ ಕುಣಿಕೆಯ ಅಡಿಯಿಂದ ಮೊಣಕೈ ಕಡೆಗೆ ಎಳೆದರೆ ಇಬ್ಬರೂ ಬೇರೆ! ಹಗ್ಗ ತಿರುಚಿಕೊಂಡು ಇನ್ನಷ್ಟು ಸಿಕ್ಕಾದರೆ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಇನ್ನೊಂದು ಮಣಿಕಟ್ಟಿನಲ್ಲಿ ಪ್ರಯತ್ನಿಸಲಿ. ಗಮನಿಸಿ: ಅಣ್ಣ ಕೈಯನ್ನು ಅಲುಗಾಡಿಸದೆ ಹಿಡಿದುಕೊಡದಿದ್ದರೆ ತಂಗಿಗೆ ಇದು ಆಗದ ಕೆಲಸ.

ಇಂತಹ ಒಗಟುಗಳಿಗೆ ದೊಡ್ಡ ಇತಿಹಾಸವಿದೆ. ಒಂದು ಉದ್ದನೆಯ ಕಂಬಿಗೆ ಸಾಲಾಗಿ ಸಿಕ್ಕಿಸಿದ ಉಂಗುರಗಳನ್ನು ಬಿಡಿಸುವ ಒಗಟನ್ನು ಫ್ರಾನ್ಸಿಸ್ಕನ್ ಸಭೆಯ ಗಣಿತಜ್ಞ ಲೂಕಾ ಪಚೋಲಿ 1500ರ ಸುಮಾರಿಗೆ ತಮ್ಮ ಹಸ್ತಪ್ರತಿಯಲ್ಲಿ ವಿವರಿಸಿದರು; 1550ರಲ್ಲಿ ಕಾರ್ಡಾನೊ ಕೂಡ ಅದರ ಬಗ್ಗೆ ಬರೆದರು. ಮೊದಲ ಉಂಗುರವನ್ನು ಯಾವಾಗ ಬೇಕಾದರೂ ತೆಗೆಯಬಹುದು, ಹಾಕಬಹುದು. ಬೇರೆ ಯಾವುದನ್ನೇ ಮುಟ್ಟಬೇಕಾದರೂ ಅದರ ಹಿಂದಿನದು ಕಂಬಿಯಲ್ಲಿರಬೇಕು, ಅದಕ್ಕೂ ಹಿಂದಿನವೆಲ್ಲ ಹೊರಗಿರಬೇಕು. ಮೂರು ಉಂಗುರಗಳಿದ್ದರೆ ಒಂದನೆಯದನ್ನು ತೆಗೆದು, ಮೂರನೆಯದನ್ನು ತೆಗೆದು, ಒಂದನೆಯದನ್ನು ಮತ್ತೆ ಹಾಕಿ, ಎರಡನೆಯದನ್ನು ತೆಗೆದು, ಕೊನೆಗೆ ಒಂದನೆಯದನ್ನು ತೆಗೆಯಬೇಕು. ಐದು ಹೆಜ್ಜೆ. ಒಂಬತ್ತು ಉಂಗುರಗಳಿದ್ದರೆ 341! ತೆಗೆದದ್ದನ್ನು ಮತ್ತೆ ಹಾಕಲು ಮನಸ್ಸಿಲ್ಲದವರಿಗೆ ಮೂರು ಉಂಗುರಗಳದ್ದೂ ಬಿಡದು. ಹಾಗೆ ಹಿಂದಕ್ಕೆ ಹೋಗುವುದು ಸೋಲೆಂದು ಮಕ್ಕಳಿಗೆ ಅನ್ನಿಸುತ್ತದೆ. ದೊಡ್ಡವರಿಗೂ ಅನ್ನಿಸುತ್ತದೆ ಅನ್ನಿ.

ಎರಡನೆಯ ಶತಮಾನದಲ್ಲಿ ಲಿಯೋನ್ಸಿನ ಧರ್ಮಾಧ್ಯಕ್ಷರಾಗಿದ್ದ ಸಂತ ಇರೇನಿಯಸ್ ಈ ಮರ್ಮವನ್ನೇ ಹಿಡಿದು ಬರೆದರು: ಕಟ್ಟಿದ್ದು ಬಿಚ್ಚಬೇಕಾದರೆ, ಕಟ್ಟಿದ ಕ್ರಮದಲ್ಲೇ ಹಿಂದಕ್ಕೆ ಬರಬೇಕು. ಏವಳ ಅವಿಧೇಯತೆಯ ಗಂಟನ್ನು ಮರಿಯಮ್ಮನವರ ವಿಧೇಯತೆ ಬಿಡಿಸಿತೆಂದು ಅವರು ಹೇಳಿದ್ದು ಆ ಸಂದರ್ಭದಲ್ಲೇ. ಜರ್ಮನಿಯ ಔಗ್ಸ್‌ಬರ್ಗಿನ ದೇವಾಲಯವೊಂದರಲ್ಲಿ, ಮರಿಯಮ್ಮನವರು ಉದ್ದನೆಯ ಬಿಳಿ ಪಟ್ಟಿಯ ಗಂಟುಗಳನ್ನು ಒಂದೊಂದಾಗಿ ಬಿಡಿಸುತ್ತಿರುವ 1700ರ ಸುಮಾರಿನ ವರ್ಣಚಿತ್ರವಿದೆ.

ಉತ್ತರವನ್ನು ಮಕ್ಕಳಿಗೆ ಬೇಗ ಹೇಳಿಬಿಡಬೇಡಿ. ಅರ್ಧ ಗಂಟೆ ಕಳೆಯಲಿ, ಅಡಿಗೆ ತಡವಾದರೂ ಚಿಂತೆಯಿಲ್ಲ. ಅವರು ಬಿಡಿಸಿಕೊಂಡ ಮೇಲೆ ಅದೇ ಹಗ್ಗಗಳನ್ನು ನೀವು ಗಂಡಹೆಂಡತಿ ಕಟ್ಟಿಕೊಂಡು ನಿಲ್ಲಿ. ಮಕ್ಕಳು ಗೋಡೆಗೊರಗಿ ನೋಡುತ್ತ ಕೂರಲಿ.